ಇಪ್ಪತ್ತು ಖಾಲಿ

ಮುಂಜಾನೆ ಪೆಟ್ರೋಲಿನ ಮ್ಯಾಲ ಎಬ್ಬಸಬೇಕು ಇದನ್ನ,
ಬಾಯಿ ಮುಕ್ಕಳಸೂವಷ್ಟು, ಒಂದ ಗುಟುಕು.
ಕಾವು ಏರಿದಮ್ಯಾಲ ಗುಂಡಿ ಒತ್ತಿದ್ರ
ಕೆಂಪು ದೀಪ ಹೋಗಿ ಹಸಿರು.
ಎಂಜಿನ್ನು ಕೆಮ್ಮಿದಂಗ ಮಾಡಿ,
ಇನ್ನೇನು ನಿಂತಿತು ಅನ್ನೂದರಾಗ
ಒಲಿಯಂಗ ಹತ್ತಿಕೊಳ್ಳತೈತಿ.

ಬೆಂಝ್ ಗಾಡಿ. ಸಿಮೆಂಟ್ ಫ್ಯಾಕ್ಟರಿ ಸಾವುಕಾರ್ರದು.
ಬ್ಯಾಂಕಿನವರು ಹರಾಜಿಗಿಟ್ಟಾಗ
ಹೊಸಾ ಟಂಟಂಗಿಂತ ಸೋವಿ ಬಿತ್ತು.
‘ಆನಿ ತಂದೀ ದಾನವ್ವ, ಏನು ಹಾಕಿ ಸಾಕ್ತಿ?’
ಅಂತ ಓಣಿಯೆಲ್ಲಾ ಕೇಳಿತು.
ಕಬ್ಬು ಬಿಡಿಸಿ ಹುಲ್ಲಿಗೆ ಹಚ್ಚಿದವ
ಹಸನಡೋಂಗ್ರಿ ಮಿಸ್ತ್ರಿ.
ಡಿಕ್ಕಿಯೊಳಗ ಟಾಕಿ ಕುಂದ್ರಿಸಿ,
ತಾಮ್ರದ ನಳಗಿ ಹೊಟ್ಟಿ ಕೆಳಗ ಎಳದು,
ಗಂಟುಗಂಟಿಗೂ ಸಾಬೂನದ ನೊರಿ ಸವರಿ
ಗುಳ್ಳಿ ಏಳತೈತೇನು ಅಂತ
ಸಂಜಿತನಕ ಕಣ್ಣು ಕೀಲಿಸಿ ಕುಂತವ.
‘ಗ್ಯಾಸಿಗೆ ತನ್ನ ವಾಸನಿ ಅಂತ ಇಲ್ಲಕ್ಕಾ,
ನಾರೂದನ್ನ ಬೇಕಂತ ಬೆರಸ್ತಾರ,
ಮಂದಿಗೆ ಎಚ್ಚರಿರಲಿ ಅಂತ.’
ಇಪ್ಪತ್ತು ವರ್ಷ ಖಾನಾವಳಿ ನಡಸೇನಿ,
ಇದೊಂದು ಗೊತ್ತಿರಲಿಲ್ಲ ನನಗ.

ಮೇ ತಿಂಗಳು, ಗದ್ದನಕೇರಿ ಕ್ರಾಸಿನಾಗ
ಡಾಂಬರು ಚಪ್ಪಲಿಗೆ ಅಂಟೂ ಹೊತ್ತು,
ಜಗ್ಗಿ ಜಗ್ಗಿ ನಿಂತಿತು ಗಾಡಿ.
ಬಾನೆಟ್ ಎತ್ತಿದ್ರ
ರೆಗ್ಯುಲೇಟರಿನ ಮ್ಯಾಲ ಬೆಳ್ಳಗ ಬರ್ಫ!
ಬೆರಳಿಲೆ ಕೆರದು ಕಣ್ಣಿಗೆ ಒತ್ತಿಕೊಂಡೆ.
ನೀರು ಕಡಿಮಿ ಆದದ್ದರ ಗುರ್ತು ಅದು ಅಂತ
ಮಿಸ್ತ್ರಿ ಆಮ್ಯಾಲ ಬೈದ.
ಬೈಲಿ. ಅಷ್ಟೊತ್ತು ತಂಪಾಗಿತ್ತಲ್ಲ.

ಹಿಂದಿನ ಚರ್ಮದ ಸೀಟಿನ್ಯಾಗ
ಈಗ ಕುಂದ್ರೂದು ಕಡಕ್ ರೊಟ್ಟಿ.
ನವನಗರದ ಹಾಸ್ಟೆಲ್ಲಿಗೆ ಆರನೂರು, ವಿದ್ಯಾಗಿರಿಗೆ ಮುನ್ನೂರು,
ಶೇಂಗಾಚಟ್ನಿ ಡಬ್ಬಿ ಕಾಲಿಡೂ ಜಾಗಾದಾಗ.
ಟಂಟಂದಾಗ ನೂರಕ್ಕ ಹದಿನೈದು ಮುರೀತಿದ್ದುವು,
ಇದರಾಗ ಎರಡು.
ಆನಿ ಯಾಕ ಅಂದವರಿಗೆ ಇಷ್ಟ ಉತ್ತರ.

ಹ್ವಾದ ಬುಧವಾರ ಸಾವುಕಾರ್ರ ಬಂದ್ರು ಊಟಕ್ಕ.
ಒಬ್ಬರ, ಆಟೋದಾಗ.
ಕೈ ತೊಳಕೊಂಡು ಹೊರಗ ನಿಂತು
ನಾ ಚಾಲೂ ಮಾಡೂದು ಕೇಳಿ
‘ದನಿ ಸಣ್ಣದಾಗೈತಿ’ ಅಂದ್ರು.
ಹತ್ತ್ರಿ, ಬಿಟ್ಟು ಹೊಕ್ಕೀನಿ ಅಂದೆ.
ಹಿಂದಿನ ಬಾಗಲಾ ತಗದ್ರು, ರೊಟ್ಟಿ.
ಆ ಕಡೆ ತಗದ್ರು, ರೊಟ್ಟಿ.
ಮುಂದ ಬಂದು ಕುಂತ್ರು,
ತೊಡಿಮ್ಯಾಲ ಐವತ್ತು ರೊಟ್ಟಿಯ ಗಂಟು.
ಹದಿಮೂರು ವರ್ಷ ಹಿಂದ, ಎಡಕ್ಕ ಕುಂತವರು.
ಬಾನೆಟ್ ತುದಿಯ ನಕ್ಷತ್ರ
ಹಾದಿ ಸೀಳತಾ ಹೊಂಟಂಗ ಕಾಣತೈತಿ ಅಂತ
ಅವರಿಗೆ ಆವತ್ತ ಗೊತ್ತಾತಂತ.
ಮೂರು ಕಾಲಿನ ನಕ್ಷತ್ರಕ್ಕ ಈಗ ಎರಡ ಕಾಲು.
ಅದನ್ನ ಅವರು ಕೇಳಲಿಲ್ಲ.

ಗ್ಯಾಸಿನ ಪಂಪಿನ್ಯಾಗ ಎಲ್ಲಾರೂ ಇಳೀಬೇಕು, ಕಾಯ್ದೆ.
ಬಿಸಲಾಗ ನಿಂತ್ರು, ಗಂಟು ಎದಿಗೆ ಅವಚಿ.
ಹುಡುಗ ನಳಗಿ ಕಿತ್ತಿದ್ದ ತಡ,
‘ಪೂರಾ ಯಾಕ ತುಂಬಲಿಲ್ಲಲೇ?’
ಹಳೇ ಫ್ಯಾಕ್ಟರಿಯ ದನಿ.
‘ಎಂಬತ್ತಕ್ಕ ನಿಲ್ಲತೈತ್ರಿ ಅಜ್ಜಾರ.
ಇಪ್ಪತ್ತು ಖಾಲಿ ಇರಬೇಕು.
ಬಿಸಲಿಗೆ ಉಬ್ಬಾಕ ಜಾಗಾ ಬ್ಯಾಡೇನ್ರಿ?’
ಅವರು ಟಾಕಿ ಕಡೆ ನೋಡಿದ್ರು.
ಆಮ್ಯಾಲ ತಮ್ಮ ಕೈ ಕಡೆ.

ಗಂಟಿನ್ಯಾಗ ಚಟ್ ಅಂತು.
‘ಒಂದು ಮುರೀತೇನೋ’ ಅಂದ್ರು,
ಕಳವು ಮಾಡಿ ಸಿಕ್ಕ ಹುಡುಗನಂಗ.
ಮುರದದ್ದು ಲೆಕ್ಕಕ್ಕ ಹಿಡಿಯೂದಿಲ್ರಿ,
ತಿನ್ನ್ರಿ, ಅಂದೆ.
ಅರ್ಧಾ ನನಗ ಕೊಟ್ರು.
ಪಂಪಿನ ನೆಳ್ಳಿಗೆ ನಿಂತು ಕಡಕ್ಕಂತ ತಿಂದ್ವಿ,
ಚಟ್ನಿ ಇಲ್ಲದ.